ಮಾವಿನ ಅವಧಿ

ನಮ್ಮ ಊರಿನಲ್ಲಿ ಗೋಡೆಗೆ ಹೇಳಿದ ಮಾತು ಮಾವಿನ ಗಿಡ ಕಾಯಿ ಬಿಡುವವರೆಗೆ ಉಳಿಯುತ್ತದೆ. ಪ್ರತಿ ಯುಗಾದಿಗೆ ಕಚೇರಿಯ ಹಿತ್ತಲಿನಲ್ಲಿ ಒಂದು ಸಸಿ ನೆಡುತ್ತೇವೆ. ಆ ಸಸಿ ಬೆಳೆದು ಮೊದಲ ಸಲ ಕಾಯಿ ಬಿಟ್ಟಾಗ, ಅದನ್ನು ನೆಟ್ಟ ವರ್ಷದ ಬಿಲ್ಲೆಗಳನ್ನೆಲ್ಲ ಗೋಡೆಯಿಂದ ಇಳಿಸುತ್ತೇವೆ. ಇಳಿಸುವ ಕೆಲಸ ನನ್ನದು, ಏರಿಸುವುದೂ ನನ್ನದೇ. ಇದನ್ನು ಬರೆಯುತ್ತಿರುವುದು ಯಾರನ್ನೂ ದೂರುವುದಕ್ಕಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಲು ನನಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ.

ಮಾತು ಏರಿಸುವ ಕ್ರಮ ಹೀಗೆ. ಹೇಳಬೇಕಾದದ್ದಿರುವವರು ಕಚೇರಿಗೆ ಬಂದು ಹಸಿ ಮಣ್ಣಿನ ಮುದ್ದೆಯ ಮುಂದೆ ಕೂತು ಹೇಳುತ್ತಾರೆ. ನಾನು ಆ ಮುದ್ದೆಯನ್ನು ಅಂಗೈಯಗಲದ ಬಿಲ್ಲೆಯಾಗಿ ತಟ್ಟಿ, ಒಣಗಿಸಿ, ಹಿಂದಿನ ಬಿಲ್ಲೆಯ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಅದು ಹೇಳಿದವರ ದನಿಯಲ್ಲೇ ಹೇಳಿದ್ದನ್ನು ಹೇಳುತ್ತದೆ. ಒಂದು ಬಿಲ್ಲೆ ತಟ್ಟುವಾಗ ಅದರಿಂದ ಚಿಟಿಕೆ ಮಣ್ಣನ್ನು ಉಳಿಸಿಕೊಂಡು ಮುಂದಿನ ಬಿಲ್ಲೆಯ ಮಣ್ಣಿಗೆ ಕಲಸಬೇಕು. ಇದನ್ನು ಹೆಪ್ಪು ಎನ್ನುತ್ತೇವೆ, ಹಾಲಿಗೆ ಹಾಕುವ ಹಾಗೆಯೇ. ಹೀಗೆ ಪ್ರತಿ ಮಾತಿನಲ್ಲೂ ಅದರ ಹಿಂದಿನದ್ದರ ಒಂದಿಷ್ಟು ಇರುತ್ತದೆ. ಹೇಳಿದ್ದು ತಪ್ಪಾಗಿದ್ದರೆ ಇನ್ನೊಂದು ಬಿಲ್ಲೆಯಲ್ಲಿ ತಿದ್ದಿ ಹೇಳಬಹುದೇ ಹೊರತು ಹಳೆಯದನ್ನು ಮುಟ್ಟುವಂತಿಲ್ಲ. ಇಳಿಸುವಾಗಲೂ ಹಳೆಯ ತುದಿಯಿಂದ ಸಾಲಾಗಿ ಬರಬೇಕು, ನಡುವಿನಿಂದ ಒಂದನ್ನು ಕೀಳುವಂತಿಲ್ಲ. ಇನ್ನೂ ಮುಗಿಯದ ವಿಷಯದ ಬಿಲ್ಲೆಯನ್ನು ಇಳಿಸುವಂತಿಲ್ಲ. ಈ ಕೊನೆಯ ನಿಯಮವನ್ನು ಊರಿನವರು ಹೆಚ್ಚುಕಡಿಮೆ ಮರೆತಿದ್ದರು, ಏಕೆಂದರೆ ಯಾವ ವಿಷಯವೂ ಅಷ್ಟು ವರ್ಷ ಮುಗಿಯದೆ ಉಳಿದದ್ದಿಲ್ಲ. ನಾನು ಮರೆತಿರಲಿಲ್ಲ. ಹತ್ತಿ ಗಿರಣಿಯಲ್ಲಿ ದುಡಿಯುತ್ತ ಸಂಜೆ ಶಾಲೆಯಲ್ಲಿ ಕಲಿತವಳು ನಾನು. ಹಗಲು ಶಾಲೆಯವರಿಗೆ ನೆನಪಿರಬಹುದಾದದ್ದು ನನಗೆ ಮರೆತುಹೋದೀತು ಎಂಬ ಹೆದರಿಕೆಯಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೆ.

ಗೋಡೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಬಿಲ್ಲೆ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಬಜ್ಜಿ ಮಾರುವ ತಿಪ್ಪವ್ವ ಅದನ್ನು ಹೇಳಿದ್ದು. ಅವಳ ಬಜ್ಜಿ ತಿಂದ ಒಂದು ಮದುವೆಯ ದಿಬ್ಬಣಕ್ಕೆಲ್ಲ ಹೊಟ್ಟೆ ಕೆಟ್ಟಾಗ, ಸಿಟ್ಟಿನಲ್ಲಿ ಸೌಟು ಹಿಡಿದುಕೊಂಡೇ ಕಚೇರಿಗೆ ಬಂದು ಹೇಳಿದ್ದಳು: "ಅಡಿವೆಪ್ಪನ ಎಣ್ಣಿ ನಾಯಿನೂ ಮೂಸೂದಿಲ್ಲ. ಅವನ ಗಾಣದಾಗ ಎತ್ತೊಂದ ಖರೇ, ಉಳಕಿದ್ದೆಲ್ಲಾ ಸುಳ್ಳು." ಅಡಿವೆಪ್ಪ ಎಂದರೆ ಕೆರೆಯ ದಾರಿಯಲ್ಲಿ ಕುಸುಬಿ ಎಣ್ಣೆಯ ಗಾಣ ಇಟ್ಟುಕೊಂಡವರು. ಕೆಲವು ದಿನಗಳಲ್ಲೇ ತಪ್ಪು ಎಣ್ಣೆಯದಲ್ಲ, ತಿಪ್ಪವ್ವನ ಕಡಲೆ ಹಿಟ್ಟಿನದು ಎಂದು ಗೊತ್ತಾಯಿತು. ಅವಳು ಮತ್ತೆ ಬಂದು, ಈ ಸಲ ಸೌಟಿಲ್ಲದೆ, "ತಪ್ಪು ನಂದು, ಹಿಟ್ಟು ಮುಗ್ಗಾಗಿತ್ತು" ಎಂದು ಸೆರಗಿನೊಳಗೆ ಹೇಳಿದಳು. ಅದನ್ನೂ ತಟ್ಟಿ ತೂಗುಹಾಕಿದೆ. ನಿಯಮದ ಪ್ರಕಾರ ಅಲ್ಲಿಗೆ ಎಲ್ಲ ಸರಿಯಾಗಿತ್ತು. ಆದರೆ ಎರಡನೆಯ ಬಿಲ್ಲೆಯನ್ನು ಯಾರೂ ತಟ್ಟಲಿಲ್ಲ. ಮೊದಲನೆಯದರ ಮುಂದೆ ಮಕ್ಕಳು ಸಾಲು ನಿಲ್ಲುತ್ತಿದ್ದರು. ಸಂತೆಯಲ್ಲಿ ಯಾರಾದರೂ ಅಳತೆಯಲ್ಲಿ ಮೋಸ ಮಾಡಿದರೆ "ಎತ್ತೊಂದ ಖರೇ" ಎನ್ನುವುದು ರೂಢಿಯಾಯಿತು. ಅಡಿವೆಪ್ಪನವರ ಎಣ್ಣೆಯನ್ನು ಊರು ಕೊಳ್ಳುತ್ತಲೇ ಇತ್ತು, ಮೂಸಿ ನೋಡಿ ಕೊಳ್ಳುತ್ತಿತ್ತು ಅಷ್ಟೆ.

ಅದೇ ವರ್ಷ, ಆ ಎರಡು ಬಿಲ್ಲೆಗಳ ಪಕ್ಕದಲ್ಲೇ, ಅಡಿವೆಪ್ಪನವರ ಹೆಂಡತಿ ಕಾಶವ್ವ ಒಂದು ಮಾತು ಹೇಳಿದ್ದರು. "ನಮ್ಮ ಕರೀ ಆಡು ನಿನ್ನಿ ಸಂಜಿಂದ ಕಾಣವಲ್ದು. ಎಡಗಿವಿ ಹರದೈತಿ. ಸಿಕ್ಕವರು ಗಾಣದ ಮನಿಗೆ ಹೇಳ್ರಿ. ಹೊಡೀಬ್ಯಾಡ್ರಿ, ಅದು ಅಂಜತೈತಿ." ಆಡು ಸಿಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಕಾಶವ್ವ ತೀರಿಕೊಂಡರು. ಅವರು ಗೋಡೆಗೆ ಬೇರೆ ಏನನ್ನೂ ಹೇಳಿದವರಲ್ಲ. ಅಡಿವೆಪ್ಪ ಆಗಾಗ ಆ ಬಿಲ್ಲೆ ತಟ್ಟಲು ಬರುತ್ತಿದ್ದರು. ಅವರು ಬರುವುದನ್ನು ಕಂಡರೆ ಮಕ್ಕಳು ಓಡಿಬಂದು ತಿಪ್ಪವ್ವನ ಬಿಲ್ಲೆ ತಟ್ಟುತ್ತಿದ್ದರು. ಹಾಗಾಗಿ ಅವರು ಆಡಿನ ಮಾತನ್ನು ಕೇಳುವಾಗಲೆಲ್ಲ ಎತ್ತಿನ ಮಾತನ್ನೂ ಕೇಳಬೇಕಾಗುತ್ತಿತ್ತು.

ಅವರು ಇನ್ನೊಂದು ಕಾರಣಕ್ಕೂ ಕಚೇರಿಗೆ ಬರುತ್ತಿದ್ದರು. ಆ ವರ್ಷ ನೆಟ್ಟ ಮಾವಿನ ಗಿಡಕ್ಕೆ ಗಾಣದ ಹಿಂಡಿ ತಂದು ಹಾಕುತ್ತಿದ್ದರು. ಬುಟ್ಟಿ ಇಳಿಸಿ, ಬುಡ ಕೆದರಿ, ಹಿಂಡಿ ಪುಡಿ ಮಾಡಿ ಹಾಕಿ, ಮೇಲೆ ಮಣ್ಣು ಮುಚ್ಚಿ ಹೋಗುತ್ತಿದ್ದರು. ಅವಧಿಯ ಗಿಡಕ್ಕೆ ಗೊಬ್ಬರ ಹಾಕುವುದು ಗೋಡೆಯನ್ನು ಮುಟ್ಟಿದ ಹಾಗಾಗುತ್ತದೆಯೇ ಎಂದು ನಾನು ಬಹಳ ಯೋಚಿಸಿದೆ. ನಿಯಮ ಏನನ್ನೂ ಹೇಳುವುದಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. "ಕಾಕಾ, ಈ ಗಿಡ ಕಾಯಿ ಬಿಟ್ರ ಕಾಶವ್ವ ಕಾಕೂನ ಬಿಲ್ಲೆನೂ ಅದ ವರ್ಷದ್ದಲ್ಲ?"

"ಆಡು ಸಿಕ್ಕಿಲ್ಲಲ್ಲವಾ ನೀಲಾ," ಎಂದರು. "ಮುಗೀಲಾರದ ವಿಷಯ ಇಳಿಯೂದಿಲ್ಲ. ನೀನ ಒಮ್ಮೆ ಯಾರಿಗೋ ಹೇಳತಿದ್ದಿ, ಕೇಳೀನಿ. ಎತ್ತು ಇಳೀಲಿ, ಆಡು ಇರಲಿ. ಅಷ್ಟ ಸಾಕು ನನಗ."

ಗಿಡ ಹೂಬಿಟ್ಟ ವರ್ಷ ನಾನು ಪಂಚರಿಗೆ ಒಂದು ಟಿಪ್ಪಣಿ ಬರೆದೆ. ಹಿಂದಿನ ವರ್ಷ ಬಿಲ್ಲೆ ಇಳಿಸಿ ಒಡೆದ ಮೇಲೆ ಒಬ್ಬ ರೈತ ಬಂದು, ತನ್ನ ಬದುವಿನ ಮಾತು ಅದರಲ್ಲಿತ್ತಲ್ಲ ಎಂದು ಕೇಳಿದ್ದ. ಅವನು ಜಗಳವಾಡಲಿಲ್ಲ. ಖಾಲಿ ಮೊಳೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು ಹೋದ. ಅವನು ನಿಂತ ಜಾಗ ನನ್ನ ಕಣ್ಣಿನಿಂದ ಹೋಗಲಿಲ್ಲ. ಮಾವಿನ ಅವಧಿ ಸಾಲದು, ಅದಕ್ಕಿಂತ ಎಷ್ಟೋ ತಡವಾಗಿ ಕಾಯಿ ಬಿಡುವ ಹುಣಸೆಯ ಅವಧಿ ಇಡುವುದು ಒಳ್ಳೆಯದು, ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ ಎಂದು ಬರೆದೆ. "ಯಾರಿಗೂ ನಷ್ಟವಿಲ್ಲ" ಎಂಬ ಮಾತನ್ನು ಬರೆಯುವಾಗ ನನಗೆ ಯಾವ ಅನುಮಾನವೂ ಬಂದಿರಲಿಲ್ಲ. ಅನುಮಾನವಿಲ್ಲದೆ ನಾನು ಬರೆದ ಮಾತುಗಳು ಕಡಿಮೆ. ಪಂಚರ ಹಿರಿಯರಾದ ರುದ್ರಗೌಡರು ಟಿಪ್ಪಣಿಯನ್ನು ಹಾಗೆಯೇ ಒಪ್ಪಿದರು. ಆ ಯುಗಾದಿಗೆ ಹುಣಸೆ ಸಸಿ ನೆಟ್ಟೆವು. ಗೋಡೆಯಲ್ಲಿರುವ ಎಲ್ಲ ಮಾತಿಗೂ ಇನ್ನು ಮೇಲೆ ಆ ಹುಣಸೆಯೇ ಲೆಕ್ಕ ಎಂದಾಯಿತು.

ಅಡಿವೆಪ್ಪ ಹಿಂಡಿ ಬುಟ್ಟಿಯೊಂದಿಗೆ ಬಂದಾಗ ಮಾವಿನಲ್ಲಿ ಮಿಡಿಗಾಯಿ ನಿಂತಿತ್ತು. ನಾನು ವಿಷಯ ಹೇಳಿದೆ. ಅವರು ಮೊಣಕಾಲೆತ್ತರವೂ ಇಲ್ಲದ ಹುಣಸೆಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಎಪ್ಪತ್ತು ದಾಟಿದ ಕೈ.

"ಹಂಗಂದ್ರ ಈ ಗಿಡ?" ಎಂದು ಮಾವನ್ನು ತೋರಿಸಿದರು.

"ಇನ್ನ ಅದಕ್ಕ ಲೆಕ್ಕ ಇಲ್ಲ, ಕಾಕಾ."

"ಬರೇ ಮಾವಿನ ಗಿಡ ಆತು ಅನ್ನು." ಬುಟ್ಟಿಯನ್ನು ತಿರುಗಿ ಹೊತ್ತುಕೊಂಡು ಹೋಗಲಿಲ್ಲ. ತಂದದ್ದನ್ನು ಬುಡಕ್ಕೆ ಹಾಕಿಯೇ ಹೋದರು.

ಈ ಸುದ್ದಿ ತಿಪ್ಪವ್ವನಿಗೆ ಮುಟ್ಟಿತು. ಒಂದು ಮಧ್ಯಾಹ್ನ, ಕಚೇರಿಯ ಎದುರು ಜನ ಓಡಾಡುತ್ತಿರುವಾಗಲೇ, ಬಜ್ಜಿ ತಿರುವುವ ಸೌಟಿನ ತುದಿಯಿಂದ ಅವಳು ತನ್ನ ಬಿಲ್ಲೆಯನ್ನು ಕೆರೆದಳು. ಕದ್ದು ಮಾಡಿದ್ದಲ್ಲ. ನೋಡಿದವರು ಧೂಳು ಒರೆಸುತ್ತಿದ್ದಾಳೆ ಎಂದುಕೊಂಡರಂತೆ. ನಾನು ಒಳಗೆ ಮಣ್ಣು ಸೋಸುತ್ತಿದ್ದೆ. ಸಂಜೆಗೆ ಗೋಡೆ ಬೆವರತೊಡಗಿತು. ತಿಪ್ಪವ್ವನ ಬಿಲ್ಲೆಯಿಂದ ಹಿಂದಕ್ಕೆ ಎಲ್ಲ ಒಣಗಿತ್ತು. ಅಲ್ಲಿಂದ ಮುಂದಕ್ಕೆ, ಬೆಳಿಗ್ಗೆ ತೂಗುಹಾಕಿದ ಬಿಲ್ಲೆಯವರೆಗೂ, ಪ್ರತಿಯೊಂದೂ ಒದ್ದೆ. ತಟ್ಟಿದರೆ ಎಲ್ಲರ ದನಿಯೂ ನೆಗಡಿಯಾದಂತೆ ಕೇಳುತ್ತಿತ್ತು.

ನಮ್ಮೂರಿನವರು ಗಾಬರಿಗೊಳ್ಳುವವರಲ್ಲ, ಕೆಲಸ ನಿಲ್ಲಿಸುವವರು. ಒದ್ದೆ ಗೋಡೆಯ ಮಾತನ್ನು ನಂಬುವಂತಿಲ್ಲವಾದ್ದರಿಂದ ಮನೆ ಬಾಡಿಗೆಗೆ ಕೊಟ್ಟವರು ಬೀಗದ ಕೈಯನ್ನು ತಾವೇ ಇಟ್ಟುಕೊಂಡರು. ನಿಶ್ಚಯವಾಗಿದ್ದ ಮದುವೆಗಳು ಚಪ್ಪರದ ಕಂಬದವರೆಗೆ ಬಂದು ನಿಂತವು. ಕಾಲುವೆಯ ನೀರಿನ ಸರದಿ ಯಾರದ್ದೆಂದು ಹೇಳುವ ಬಿಲ್ಲೆಯೂ ಒದ್ದೆಯಾಗಿತ್ತು, ಹಾಗಾಗಿ ಯಾರೂ ತೂಬು ಎತ್ತಲಿಲ್ಲ. ಒದ್ದೆ ಬಿಲ್ಲೆ ಹೆಚ್ಚು ದಿನ ತಾಳುವುದಿಲ್ಲ. ಸೌಟು ತಾಗಿದ ಜಾಗಕ್ಕೆ ಹತ್ತಿರವಿದ್ದವು ಮೊದಲು ಮೆತ್ತಗಾಗತೊಡಗಿದವು. ಆಡಿನ ಬಿಲ್ಲೆಯ ಅಂಚು ಬೆರಳಿಗೆ ಅಂಟುತ್ತಿತ್ತು. ಅಡಿವೆಪ್ಪ ಬಂದು ತಟ್ಟಿದಾಗ "ಹೊಡೀಬ್ಯಾಡ್ರಿ" ಎಂಬುದು ದಿಂಬಿನ ಕೆಳಗಿನಿಂದ ಬಂದಂತೆ ಬಂತು. ಅವರು ಎರಡನೆಯ ಸಲ ತಟ್ಟಲಿಲ್ಲ.

ತಿಪ್ಪವ್ವನನ್ನು ಕೇಳಲು ಹೋದೆ. ಅವಳು ಬಾಣಲೆ ಇಳಿಸಿ ಕೂತಿದ್ದಳು. "ಹೆಸರೊಂದ ತಗದೇನವಾ," ಎಂದಳು. "ಮಾತು ಹಂಗ ಇಟ್ಟೀನಿ. ಹುಡುಗರು ನಗೂದಿದ್ರ ನಗಲಿ, ಅವನ ಹೆಸರ ಯಾಕ ಬೇಕು ಅಂತ. ಅಷ್ಟ ತಗದ್ರ ಗೋಡಿಗೆ ಏನ ಗೊತ್ತಾಕ್ಕೈತಿ ಅನಕೊಂಡೆ."

"ಗೋಡಿಗೆ ಗೊತ್ತಾಗತೈತಿ, ದೊಡ್ಡವ್ವ."

"ಗೊತ್ತಾತಲ್ಲ ಈಗ. ಮೊದಲ ಹೇಳಬೇಕಿತ್ತಿಲ್ಲೋ ನೀ? ಸಾಲಿ ಕಲತಾಕಿ."

ಅದನ್ನು ಯಾರಿಗಾದರೂ ಹೇಳುವ ಅಗತ್ಯವಿದೆ ಎಂದು ನನಗೆ ಹೊಳೆದಿರಲಿಲ್ಲ. ಅದೂ ನನ್ನ ತಪ್ಪೇ ಇರಬಹುದು. ಒಣಗಿಸುವ ದಾರಿ ಒಂದೇ ಇತ್ತು. ಕೆರೆದ ಜಾಗಕ್ಕೆ ಹಸಿ ಮಣ್ಣು ಮೆತ್ತಿ, ಹೇಳಿದವರೇ ಅದೇ ಮಾತನ್ನು ಅದೇ ಕಾವಿನಲ್ಲಿ ಮತ್ತೆ ಹೇಳಬೇಕು. ಒಂದು ಅಕ್ಷರ ಹೆಚ್ಚು ಕಡಿಮೆಯಾಗುವಂತಿಲ್ಲ, ಸಿಟ್ಟೂ ಹೆಚ್ಚು ಕಡಿಮೆಯಾಗುವಂತಿಲ್ಲ. ಅಂದರೆ ತಿಪ್ಪವ್ವ ಊರಿನ ಎದುರು ಅಡಿವೆಪ್ಪನವರನ್ನು ಮತ್ತೊಮ್ಮೆ ಬೈಯಬೇಕಿತ್ತು, ಮನಸ್ಸಿನಿಂದ ಬೈಯಬೇಕಿತ್ತು.

ಮರುದಿನ ಕಚೇರಿಯ ಮುಂದೆ ಊರು ಸೇರಿತು. ತಿಪ್ಪವ್ವ ಮಣ್ಣಿನ ಮುಂದೆ ಕೂತು ಹೇಳಿದಳು. ಮಾತು ಸರಿಯಿತ್ತು, ದನಿ ಸತ್ತಿತ್ತು. ಗೋಡೆ ಹಾಗೆಯೇ ಬೆವರುತ್ತಿತ್ತು. ಮತ್ತೆ ಹೇಳಿದಳು, ಜೋರಾಗಿ, ಜಾತ್ರೆಯ ನಾಟಕದವರ ಹಾಗೆ. ಹಿಂದೆ ಯಾರೋ ನಕ್ಕರು. ಗೋಡೆ ಒಣಗಲಿಲ್ಲ. "ಸಿಟ್ಟ ಎಲ್ಲಿಂದ ತರಲಿ?" ಎಂದು ಅವಳು ನನ್ನನ್ನು ಕೇಳಿದಳು. "ಅವನ ಎಣ್ಣಿ ಛಲೋನ ಐತಿ. ಇಷ್ಟು ವರ್ಷ ಅದರಾಗ ಕರದೀನಿ." ಸಂಜೆ ಶಾಲೆಯಲ್ಲಿ ಸಿಟ್ಟಿನ ಪಾಠ ಇರಲಿಲ್ಲ.

ಆಗ ಅಡಿವೆಪ್ಪ ಜನರ ನಡುವಿನಿಂದ ಬಂದು ಅವಳ ಎದುರು ನೆಲದ ಮೇಲೆ ಕೂತರು. ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡರು. "ಹಿಟ್ಟು ಮುಗ್ಗಾಗಿತ್ತು ಅಂತ ಹೇಳಿದ್ಯಲ್ಲ ತಿಪ್ಪವ್ವ, ಅದು ಸುಳ್ಳು," ಎಂದರು. "ಹಿಟ್ಟಿಂದೇನು ತಪ್ಪಿರಲಿಲ್ಲ. ತಪ್ಪು ಕೈಯಂದು."

"ಯಾರ ಕೈಯಂದು?"

"ನಿಂದು. ನಿಮ್ಮವ್ವನ ಕೈನೂ ಹಂಗ ಇತ್ತು. ಆಕಿ ಬಜ್ಜಿ ತಿಂದು ನಮ್ಮಪ್ಪ ಒಂದು ಹಲ್ಲ ಕಳಕೊಂಡ. ಮುಂದ ಜೀವ ಇರೂತನಾ ಮೆತ್ತಗಿನ ಅನ್ನನ ಉಂಡ."

"ನಮ್ಮವ್ವನ ಸುದ್ದಿಗೆ ಬರಬ್ಯಾಡ ಅಡಿವೆಪ್ಪ. ಆಕಿ ಬಜ್ಜಿಗೆ ಮೂರು ಊರಿಂದ ಮಂದಿ ಬರತಿದ್ರು."

"ಬರತಿದ್ರು ಖರೇ. ಮತ್ತೊಮ್ಮೆ ಬಂದವರನ್ನ ಯಾರರೆ ಕಂಡಾರೇನು ಕೇಳು. ಒಂದ್ಸಲ ನಿನ್ನ ಬಜ್ಜಿ ನಮ್ಮ ಎತ್ತಿಗೆ ಹಾಕಿದ್ದೆ. ಗಾಣ ತಿರುಗೂದ ಬಿಟ್ಟು ನನ್ನ ಮಾರಿ ನೋಡಕೋತ ನಿಂತು. ನಾ ನಿನಗೇನ ಮಾಡೀನಿ ಅನ್ನೂ ಹಂಗ."

ಜನ ನಕ್ಕರು. ನಕ್ಕದ್ದು ಈ ಸಲ ತಿಪ್ಪವ್ವನನ್ನು ನೋಡಿ. ಅವಳ ಕುತ್ತಿಗೆ ಕೆಂಪಾಯಿತು. ಅಡಿವೆಪ್ಪ ಬಿಡಲಿಲ್ಲ. ಟವೆಲ್ಲಿನ ತುದಿಯಿಂದ ಮೂಗು ಮುಚ್ಚಿಕೊಂಡು, "ನಿನ್ನ ಬಾಣಲಿ ಅಂತೂ ನಿಮ್ಮವ್ವನ ಕಾಲದಾಗಿಂದ ತೊಳದಿಲ್ಲ. ಎಣ್ಣಿ ನಂದು ಆದ್ರೂ ವಾಸನಿ ನಿಮ್ಮ ಮನೀದ," ಎಂದರು. ತಿಪ್ಪವ್ವ ಎದ್ದು ನಿಂತಳು. ಬೆರಳು ಅವರ ಮೂಗಿನ ಹತ್ತಿರ ಬಂತು. "ಅಡಿವೆಪ್ಪನ ಎಣ್ಣಿ ನಾಯಿನೂ ಮೂಸೂದಿಲ್ಲ," ಎಂದಳು. "ಅವನ ಗಾಣದಾಗ ಎತ್ತೊಂದ ಖರೇ, ಉಳಕಿದ್ದೆಲ್ಲಾ ಸುಳ್ಳು."

ಯಾರೂ ನಗಲಿಲ್ಲ. ಗೋಡೆ ತಿಪ್ಪವ್ವನ ಬಿಲ್ಲೆಯಿಂದ ಹೊಸ ತುದಿಯವರೆಗೆ, ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿ ಒಣಗುವ ಹಾಗೆ, ಒಣಗುತ್ತ ಹೋಯಿತು. ತಿಪ್ಪವ್ವ ಸೆರಗು ಸರಿಮಾಡಿಕೊಂಡು ಕೂತಳು. "ಸರಿ ಬಂತ?" ಎಂದು ಕೇಳಿದಳು. "ಬಂತು," ಎಂದರು ಅಡಿವೆಪ್ಪ. ಅವರ ಮುಖ ಒಂದು ಬದಿಗೆ ತಿರುಗಿತ್ತು. ಎದ್ದು ನೇರ ಆಡಿನ ಬಿಲ್ಲೆಗೆ ಹೋಗಿ ತಟ್ಟಿದರು. ಕಾಶವ್ವನ ದನಿ ಸ್ಪಷ್ಟವಾಗಿತ್ತು. ಅಂಚಿನಲ್ಲಿ ನನ್ನ ಬೆರಳ ಗುರುತು ಮಾತ್ರ ಉಳಿದಿತ್ತು.

ನಾನು ಪಂಚರಿಗೆ ಇನ್ನೊಂದು ಟಿಪ್ಪಣಿ ಬರೆದೆ. ಮಾವಿನ ಅವಧಿಯೇ ಸಾಕು ಎಂದು ಬರೆದು, ಮೊದಲ ಟಿಪ್ಪಣಿಯಲ್ಲಿ ನಷ್ಟವಿಲ್ಲ ಎಂದದ್ದು ಸರಿಯಲ್ಲ ಎಂದೂ ಸೇರಿಸಿದೆ. ರುದ್ರಗೌಡರು ಅದನ್ನು ಓದಿ ಕನ್ನಡಕ ತೆಗೆದರು. "ಹೋದ ಸಲ ಇಡಬೇಕಂದಿ, ಈ ಸಲ ಇಳಸಬೇಕಂತಿ. ಸಂಜಿ ಸಾಲ್ಯಾಗ ಇದನ್ನ ಕಲಿಸ್ಯಾರೇನವಾ?"

"ಹೋದ ಸಲ ಕಳಕೊಂಡವರನ್ನ ಅಷ್ಟ ನೋಡಿದ್ದೆ, ಗೌಡ್ರ. ಇಟಕೊಂಡು ಕುಂತವರನ್ನ ನೋಡಿರಲಿಲ್ಲ."

ಅವರು ಕಿಟಕಿಯಿಂದ ಹಿತ್ತಲು ನೋಡಿದರು. ಮಾವು ಹಣ್ಣಾಗಿತ್ತು, ಒಂದು ಕೊಂಬೆಯಲ್ಲಿ ಗಿಳಿ ಕೂತಿತ್ತು. "ಇನ್ನ ಕಾಯಿ ಬಿಟ್ಟಿಲ್ಲ ಅಂತ ಯಾರಿಗೆ ಹೇಳೂದು," ಎಂದು ಸಹಿ ಹಾಕಿದರು.

ಬಿಲ್ಲೆ ಇಳಿಸುವ ದಿನ ಊರು ಮತ್ತೆ ಬಂತು. ಇಳಿಸಿದ ಬಿಲ್ಲೆಯನ್ನು ಅಂಗಳದ ಕಲ್ಲಿನ ಮೇಲೆ ಒಡೆಯುತ್ತೇವೆ. ಒಡೆಯುವಾಗ ಅದು ಕೊನೆಯ ಸಲ ಹೇಳುತ್ತದೆ. ಸಾಲಾಗಿ ಒಡೆಯುತ್ತ ತಿಪ್ಪವ್ವನ ಬಿಲ್ಲೆಗೆ ಬಂದೆ. ಎತ್ತಿನ ಮಾತು ಅಂಗಳವೆಲ್ಲ ಕೇಳಿ ನಿಂತಿತು. ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡರು. ಮುಗ್ಗಿದ ಹಿಟ್ಟಿನ ಬಿಲ್ಲೆಯೂ ಹೋಯಿತು. ಮುಂದಿನದು ಆಡಿನದು. ನಾನು ಸುತ್ತಿಗೆ ಕೆಳಗಿಟ್ಟೆ.

"ಇಲ್ಲಿಗೆ ನಿಲ್ಲಬೇಕು," ಎಂದೆ. "ಈ ವಿಷಯ ಮುಗಿದಿಲ್ಲ. ಇದರ ಮುಂದಿನವೂ ಇಳಿಯೂದಿಲ್ಲ."

ಇದರ ಅರ್ಥ ಜನರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ವರ್ಷದ ಉಳಿದ ಬಿಲ್ಲೆಗಳು, ಮುಂದಿನ ವರ್ಷದವು, ಅದರ ಮುಂದಿನವು, ಎಲ್ಲವೂ ಒಂದು ಆಡಿನ ಹಿಂದೆ ನಿಂತವು. ಬಳೆ ಮಾರುವ ಶಂಕ್ರವ್ವ ಕೈಯಲ್ಲಿ ಒಂದು ಡಬ್ಬಿ ಹಿಡಿದು ಮುಂದಿನ ಸಾಲಿನಲ್ಲಿದ್ದಳು. ಅದೇ ವರ್ಷ ಅವಳು ತಂಗಿಯ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಗೋಡೆಗೆ ಹೇಳಿದ್ದಳು. ಗೋಡೆಯಲ್ಲಿ ಇರುವಷ್ಟು ಕಾಲ ಹೇಳಿದ್ದನ್ನು ನಡೆಸಬೇಕು. ಸುದ್ದಿಯನ್ನು ತಿದ್ದಿ ಹೇಳಬಹುದು, ಆಣೆಯನ್ನಲ್ಲ. ತಂಗಿಯ ಮನೆ ಎದುರು ಸಾಲಿನಲ್ಲೇ ಇತ್ತು. ಸಿಟ್ಟು ಇಳಿದು ವರ್ಷಗಳೇ ಆಗಿದ್ದರೂ ಅಕ್ಕ ತಂಗಿ ಇಬ್ಬರೂ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ಬೀದಿಯ ಆಚೆಗೆ ಈಚೆಗೆ ಮಾತಾಡುತ್ತಿದ್ದರು. ಡಬ್ಬಿಯಲ್ಲಿ ಹೋಳಿಗೆ ಇತ್ತು. ಅದರ ಬಿಸಿ ಮುಚ್ಚಳದ ಸುತ್ತ ಬೆವರಾಗಿ ನಿಂತಿತ್ತು.

"ಅಡಿವೆಪ್ಪಣ್ಣ," ಎಂದಳು ಶಂಕ್ರವ್ವ, ಬೇಡುವ ದನಿಯಲ್ಲಲ್ಲ, "ನಿನ್ನ ಆಡು ಸಿಗೂತನಾ ನಾನೂ ಕಟ್ಟಿ ಮ್ಯಾಲ ಕುಂದರಬೇಕೇನಪ?"

ತಿಪ್ಪವ್ವ ಶಂಕ್ರವ್ವನ ಕೈ ಹಿಡಿದು, "ಸುಮ್ಮನಿರು, ಅವನಿಗೆ ಇರೂದು ಅದೊಂದ," ಎಂದಳು. ಅಡಿವೆಪ್ಪ ಆ ಮಾತನ್ನೂ ಕೇಳಿಸಿಕೊಂಡರು. ಗೋಡೆಯ ಹತ್ತಿರ ಹೋಗಿ ಬಿಲ್ಲೆ ತಟ್ಟಿದರು. ಆಡು, ಹರಿದ ಕಿವಿ, ಗಾಣದ ಮನೆ, ಹೊಡೀಬ್ಯಾಡ್ರಿ. ಪೂರ್ತಿ ಕೇಳಿದರು. ಮತ್ತೆ ತಟ್ಟಲು ಎತ್ತಿದ ಕೈಯನ್ನು ಇಳಿಸಿ ನನ್ನ ಕಡೆ ತಿರುಗಿದರು.

"ಮಣ್ಣ ಕಲಸವಾ ನೀಲಾ."

ಬೆಳಗಿನ ಬಿಲ್ಲೆಯ ಹೆಪ್ಪು ಹಾಕಿ ಮಣ್ಣು ಕಲಸಿದೆ. ಹೆಪ್ಪು ಹಾಕಿದೆನೋ ಇಲ್ಲವೋ ಎಂದು ನಡುವೆ ಅನುಮಾನ ಬಂದು ಹೆಪ್ಪಿನ ಬಟ್ಟಲು ತೆಗೆದು ನೋಡಿದೆ, ಖಾಲಿಯಿತ್ತು, ಹಾಕಿದ್ದೆ. ಅವರು ಕೂತು, ಗಂಟಲು ಸರಿಮಾಡಿಕೊಂಡು ಹೇಳಿದರು: "ಗಾಣದ ಮನಿ ಕಾಶವ್ವನ ಕರೀ ಆಡು ಸಿಗಲಿಲ್ಲ. ಇನ್ನ ಹುಡುಕೂದಿಲ್ಲ. ಯಾರರೆ ಕಂಡ್ರ, ಹೊಡೀಬ್ಯಾಡ್ರಿ."

ಹುಡುಕುವುದಿಲ್ಲ ಎಂದಮೇಲೆ ವಿಷಯ ಮುಗಿದಂತೆ. ಆದರೆ ಕಂಡರೆ ಹೊಡೆಯಬೇಡಿ ಎಂದಮೇಲೆ ಆಡು ಎಲ್ಲೋ ಇನ್ನೂ ಓಡಾಡಿಕೊಂಡಿದೆ ಎಂದಾಗುತ್ತದೆ. ಇದು ಮುಗಿದದ್ದೋ, ಮುಗಿಯದ್ದೋ? ನಿಯಮವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಹೇಳಿಕೊಂಡೆ. ಎರಡು ಕಡೆಗೂ ವಾದವಿತ್ತು. ಜನ ಕಾಯುತ್ತಿದ್ದರು, ಹೋಳಿಗೆ ಆರುತ್ತಿತ್ತು. ಮುಗಿದಿದೆ ಎಂದು ಹೇಳಿ ಸುತ್ತಿಗೆ ಎತ್ತಿಕೊಂಡೆ. ಸರಿ ಮಾಡಿದೆನೋ ಇಲ್ಲವೋ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಡಿವೆಪ್ಪ ಸುತ್ತಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಲ್ಲೆಯನ್ನು ತಾವೇ ಕಲ್ಲಿನ ಮೇಲಿಟ್ಟು, ಜೋರಾಗಿ ಹೊಡೆಯದೆ, ಕಾಯಿ ಒಡೆಯುವವರ ಹಾಗೆ ಒಂದೇ ಸಲ ಕುಟ್ಟಿದರು. ಅಂಗಳದಲ್ಲಿ ಕಾಶವ್ವ ಆಡು ಅಂಜುತ್ತದೆ ಎಂದು ಹೇಳಿ ಸುಮ್ಮನಾದರು.

ಅಲ್ಲಿಂದ ಮುಂದಿನ ಬಿಲ್ಲೆಗಳು ಬೇಗ ಬೇಗ ಇಳಿದವು. ತನ್ನ ಮಾತು ಒಡೆದ ಕೂಡಲೇ ಶಂಕ್ರವ್ವ ಡಬ್ಬಿ ಹಿಡಿದುಕೊಂಡು ಬೀದಿ ದಾಟಿ ಹೋದಳು, ತಿರುಗಿ ನೋಡಲಿಲ್ಲ.

ಮುಂದಿನ ಯುಗಾದಿಗೆ ಹುಣಸೆಯನ್ನು ಕಿತ್ತು ಕೆರೆಯ ದಂಡೆಗೆ ಸಾಗಿಸಿ, ಆ ಜಾಗದಲ್ಲಿ, ಹುಣಸೆ ನೆಟ್ಟ ವರ್ಷದ ಬಿಲ್ಲೆಗಳಿಗೇ ಲೆಕ್ಕವಾಗುವ ಹಾಗೆ, ಮಾವಿನ ಸಸಿ ನೆಟ್ಟೆ. ಅಡಿವೆಪ್ಪನವರ ಹೊಸ ಬಿಲ್ಲೆ ಆ ಸಸಿ ಕಾಯಿ ಬಿಡುವವರೆಗೆ ಗೋಡೆಯಲ್ಲಿರುತ್ತದೆ. ಅವರು ಈಗಲೂ ಸಂಜೆ ಹಿತ್ತಲಿಗೆ ಬರುತ್ತಾರೆ. ಒಂದು ದಿನ ಬುಟ್ಟಿಯಿಲ್ಲದೆ ಬಂದದ್ದನ್ನು ನೋಡಿ, ಹಿಂಡಿ ತರಲಿಲ್ಲವೇ ಎಂದು ಕೇಳಿದೆ.

"ಈ ಗಿಡಕ್ಕ ಬ್ಯಾಡವಾ," ಎಂದರು, ತಂಬಿಗೆಯಿಂದ ಬುಡಕ್ಕೆ ಸ್ವಲ್ಪ ನೀರು ಬಿಡುತ್ತ. "ಇದು ನಿಧಾನಕ ಬರಲಿ."